ಅಕ್ಕನ ನೆನಪಿನ ಪುಸ್ತಕ: ಪೆಟ್ಟಿಗೆಯಿಂದ ಅಚ್ಚಿನ ಮನೆಯವರೆಗೆ

(ಒಬ್ಬರ ಪ್ರಶ್ನೆ, ಹಲವರ ಉತ್ತರ. ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ತುಂಗೆಯ ತಮ್ಮ

ಅಕ್ಕ ಹೋಗಿ ಏಳು ತಿಂಗಳಾಯಿತು. ವರ್ಷಾಬ್ದಿಕಕ್ಕೆ ಇನ್ನು ಐದು ತಿಂಗಳಿದೆ. ಅಷ್ಟರೊಳಗೆ ಭಾವನ ಜೊತೆ ಸೇರಿ ಒಂದು ನೆನಪಿನ ಪುಸ್ತಕ ತರಬೇಕು, 150 ಪ್ರತಿ ಸಾಕು. ಕೈಯಲ್ಲಿರುವುದು ಇಷ್ಟು: ಆಲ್ಬಮ್ಮಿಗೆ ಅಂಟಿಕೊಂಡಿರುವ ಸುಮಾರು 140 ಫೋಟೋ, 38 ಇನ್‌ಲ್ಯಾಂಡ್ ಪತ್ರ, 1979ರಿಂದ 1996ರವರೆಗಿನ 11 ಲೆಕ್ಕದ ಡೈರಿ (ನಡುವಿನ ಕೆಲವು ವರ್ಷದ್ದು ಸಿಕ್ಕಿಲ್ಲ), ಎರಡು ಸಿ-60 ಕ್ಯಾಸೆಟ್, ಅವಳ ಫೋನು.

ಅಕ್ಕ ದೂರವಾಣಿ ಇಲಾಖೆಯಲ್ಲಿ ಆಪರೇಟರ್ ಆಗಿದ್ದಳು. ತಾನೇ ನೋಡಿ ಒಪ್ಪಿದವರನ್ನು 29ನೇ ವಯಸ್ಸಿಗೆ ಮದುವೆಯಾದಳು. ಆ ಮನೆಯಲ್ಲಿ ಅಡುಗೆ ಭಾವನದು, ಬ್ಯಾಂಕು ಅವಳದು. ಯಾರು ಏನೆಂದರೂ ಅದು ಬದಲಾಗಲಿಲ್ಲ. ಈಗ ನೆಂಟರು ಬರೆದುಕೊಟ್ಟಿರುವ ಆರೇಳು ಲೇಖನಗಳಲ್ಲಿ ಎಲ್ಲರೂ ‘ತಾಳ್ಮೆಯ ಮೂರ್ತಿ’, ‘ಮಮತೆಯ ಕಡಲು’ ಅಂತಲೇ ಬರೆದಿದ್ದಾರೆ. ಓದಿದರೆ ಅಕ್ಕ ಕಾಣುತ್ತಿಲ್ಲ. ಎಲ್ಲಿಂದ ಶುರು ಮಾಡುವುದು?

ಟೇಪುರೀಲು

ಮೊದಲು ಫೋನು ನೋಡಿ ಸರ್, ಉಳಿದದ್ದು ಆಮೇಲೆ. ಪ್ರೀಪೇಯ್ಡ್ ನಂಬರು 90 ದಿನ ಬಳಕೆಯಾಗದಿದ್ದರೆ ಕಂಪನಿಯವರು ನಿಲ್ಲಿಸಿ ಬೇರೆಯವರಿಗೆ ಕೊಡಬಹುದು. ವಾಟ್ಸ್‌ಆ್ಯಪ್ ಖಾತೆ ಸಾಮಾನ್ಯವಾಗಿ 120 ದಿನ ಸುಮ್ಮನಿದ್ದರೆ ಅಳಿಸಿಹೋಗುತ್ತದೆ. ಗೂಗಲ್ ಖಾತೆಗೆ 2 ವರ್ಷ ಸಮಯವಿದೆ. ನಂಬರು ಇನ್ನೂ ಬದುಕಿದ್ದರೆ ಇವತ್ತೇ ರೀಚಾರ್ಜ್ ಮಾಡಿಸಿ. ಹೋಗಿದ್ದರೂ ಎದೆಗುಂದಬೇಡಿ, ಫೋನಿನೊಳಗೆ ಇಳಿದ ಫೈಲುಗಳು ಅಲ್ಲೇ ಇರುತ್ತವೆ. ಆದರೆ ಆ್ಯಪ್ ತೆಗೆದು ಮತ್ತೆ ಹಾಕಲು ಹೋಗಬೇಡಿ, ರೀಸೆಟ್ ಅಂತೂ ಬೇಡವೇ ಬೇಡ. ಕೇಬಲ್ ಹಾಕಿ ಫೋನಿನ ವಾಟ್ಸ್‌ಆ್ಯಪ್ ಫೋಲ್ಡರನ್ನು ಇಡಿಯಾಗಿ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಅದರೊಳಗೆ ವಾಯ್ಸ್ ನೋಟುಗಳು ಬೇರೆಯಾಗಿರುತ್ತವೆ. ಫೈಲಿನ ಹೆಸರಲ್ಲೇ ವರ್ಷ, ತಿಂಗಳು, ದಿನ ಇರುತ್ತದೆ, ಅದಕ್ಕೇ ಹೆಸರು ಬದಲಿಸಬೇಡಿ. ಅಕ್ಕ ಕಳಿಸಿದ ಧ್ವನಿ ನಿಮ್ಮ ತಂಗಿಯರ, ಅವರ ಗೆಳತಿಯರ ಫೋನಲ್ಲೂ ಇರುತ್ತದೆ. ಅವರಿಂದ ತರಿಸಿಕೊಳ್ಳಿ.

ಕ್ಯಾಸೆಟ್ ವಿಷಯ. ಪ್ಲೇಯರಿಗೆ ಹಾಕುವ ಮುಂಚೆ ಕ್ಯಾಸೆಟ್ಟಿನ ಬೆನ್ನಿನಂಚಲ್ಲಿರುವ ಎರಡು ಸಣ್ಣ ಪ್ಲಾಸ್ಟಿಕ್ ಚೂರುಗಳನ್ನು ಸ್ಕ್ರೂಡ್ರೈವರಿನಿಂದ ಮುರಿದುಬಿಡಿ. ಅವು ಇಲ್ಲದಿದ್ದರೆ ತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಅಳಿಸುವುದಿಲ್ಲ. ಆಮೇಲೆ ಒಮ್ಮೆ ಕೊನೆಯವರೆಗೆ ಫಾರ್ವರ್ಡ್, ಒಮ್ಮೆ ಪೂರ್ತಿ ರಿವೈಂಡ್. ವರ್ಷಗಟ್ಟಲೆ ಸುತ್ತಿಕೊಂಡೇ ಇದ್ದ ಟೇಪು ಇದರಿಂದ ಸಡಿಲವಾಗುತ್ತದೆ. ನೇರವಾಗಿ ಪ್ಲೇ ಒತ್ತಿದರೆ ಎಳೆದು ಸಿಕ್ಕಿಹಾಕಿಕೊಳ್ಳಬಹುದು. ಪ್ಲೇಯರಿನ ಹೆಡ್ಡನ್ನು (ಟೇಪು ತಾಗುವ ಲೋಹದ ಭಾಗ) ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಟೇಪಿನ ಹಿಂದಿರುವ ಸಣ್ಣ ಉಣ್ಣೆ ಪ್ಯಾಡು ಉದುರಿಹೋಗಿದ್ದರೆ ಸದ್ದು ಮಂಕಾಗಿ ಏರಿಳಿಯುತ್ತದೆ. ಆಗ ಟೇಪಿನ ಎರಡೂ ಚಕ್ರಗಳನ್ನು ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ಟಿನ ಗೂಡಿಗೆ ಬದಲಾಯಿಸಬೇಕು.

ಪ್ಲೇಯರಿನ ಲೈನ್ ಔಟಿನಿಂದ ಕಂಪ್ಯೂಟರಿಗೆ ತಂತಿ ಕೊಟ್ಟು 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲಾಗಿ ಇಳಿಸಿ. ಸ್ಟೀರಿಯೊ ಆದರೆ ಒಂದು ಗಂಟೆಗೆ ಸುಮಾರು 1 ಜಿಬಿ ಬೇಕು. ಸಿ-60 ಅಂದರೆ ಪಕ್ಕಕ್ಕೆ 30 ನಿಮಿಷ, ಹಾಗಾಗಿ ಎರಡಕ್ಕೂ ಸೇರಿ 2 ಜಿಬಿ ಅಷ್ಟೇ. ಈ ಮೂಲ ಫೈಲಿನ ಮೇಲೆ ‘ನಾಯ್ಸ್ ರಿಡಕ್ಷನ್’ ಮಾಡಬೇಡಿ. ಹಿಂದೆ ಕೇಳುವ ಕುಕ್ಕರಿನ ಶಿಳ್ಳೆ, ಬೀದಿಯ ಬಸ್ಸು ಎಲ್ಲ ಆ ಮನೆಯದೇ. ಮಾಡುವುದಾದರೆ ನಕಲಿನ ಮೇಲೆ ಮಾಡಿ.

ಹಳೆಪಟ

ಫೋಟೋ ಬಗ್ಗೆ ನಾನು ಹೇಳುತ್ತೇನೆ. ಅಂಟಿನ ಗೆರೆಗಳಿರುವ, ಮೇಲೆ ಪ್ಲಾಸ್ಟಿಕ್ ಹಾಳೆಯ ಆಲ್ಬಮ್ ತಾನೇ? ಫೋಟೋವನ್ನು ಮೂಲೆ ಹಿಡಿದು ಎಳೆದರೆ ಮೇಲಿನ ಪದರವೇ ಸೀಳಿ ಬರುತ್ತದೆ. ಪ್ಲಾಸ್ಟಿಕ್ ಹಾಳೆ ಮಾತ್ರ ನಿಧಾನಕ್ಕೆ ಬಿಡಿಸಿ, ಇಡೀ ಪುಟವನ್ನು ಸ್ಕ್ಯಾನರ್ ಮೇಲೆ ಕವುಚಿ ಹಾಕಿ. ಕೀಳಲೇಬೇಕಾದ ನಾಲ್ಕಾರು ಇದ್ದರೆ ಮೇಣ ಸವರದ ಹಲ್ಲುದಾರವನ್ನು ಫೋಟೋದ ಹಿಂದೆ ಗರಗಸದಂತೆ ಅತ್ತಿತ್ತ ಆಡಿಸಿಕೊಂಡು ಹೋಗಿ. ಹೇರ್ ಡ್ರೈಯರ್ ಬಿಸಿ ಕೊಟ್ಟರೆ ಫೋಟೋ ಸುರುಟಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಈ ಕೆಲಸ ಬೇಡ. ತೇವ ಹಿಡಿದ ಪದರ ಮೆತ್ತಗಾಗಿರುತ್ತದೆ.

ಸಾಮಾನ್ಯ ಫೋಟೋಗಳಿಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕೆ ಎಂಬ ಲೆಕ್ಕ), ಪಾಸ್‌ಪೋರ್ಟ್ ಸೈಜಿನವಕ್ಕೆ 1200. ಕಪ್ಪುಬಿಳುಪಾದರೂ ಬಣ್ಣದ ಮೋಡಿನಲ್ಲೇ ಸ್ಕ್ಯಾನ್ ಮಾಡಿ, ಕಲೆ ತಿದ್ದಲು ಅನುಕೂಲ. ಲೆಕ್ಕ ಹೀಗೆ: ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರದ ಫೋಟೋ 600ರಲ್ಲಿ 1500×2100 ಪಿಕ್ಸೆಲ್ ಆಗುತ್ತದೆ. ಅಚ್ಚಿಗೆ 300 ಡಿಪಿಐ ಬೇಕು, ಅಂದರೆ 5×7 ಇಂಚಿಗೆ ಹಿಗ್ಗಿಸಬಹುದು, ಅದಕ್ಕಿಂತ ದೊಡ್ಡದು ಮಾಡಿದರೆ ಮಸುಕು. ನೆಗೆಟಿವ್ ಸಿಕ್ಕರೆ ಪ್ರಿಂಟಿಗಿಂತ ಅದೇ ಒಳ್ಳೆಯದು, 2400ಕ್ಕೆ ಕಡಿಮೆ ಇಲ್ಲದಂತೆ ಸ್ಕ್ಯಾನ್ ಮಾಡಿಸಿ. ಇಡಲು ಟಿಫ್, ಕಳಿಸಲು ಜೆಪೆಗ್. ನೆಂಟರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಫೋಟೋ ಆಗಿ ಕಳಿಸಿದರೆ ಕುಗ್ಗಿ ಬರುತ್ತದೆ, ಪುಸ್ತಕಕ್ಕೆ ಪ್ರಯೋಜನವಿಲ್ಲ.

ಈಗ ಫೋಟೋವನ್ನು ‘ಹೊಸದು’ ಮಾಡಿಕೊಡುವ ಆ್ಯಪ್‌ಗಳಿವೆ. ದಯವಿಟ್ಟು ಮುಖಕ್ಕೆ ಅವನ್ನು ಬಳಸಬೇಡಿ. ಮಸುಕಾದ ಕಣ್ಣಿನ ಜಾಗದಲ್ಲಿ ಇನ್ಯಾರದೋ ಕಣ್ಣನ್ನು ಬರೆದು ಕೂರಿಸುತ್ತವೆ. ಮನೆಯವರಿಗೆ ನೋಡಿದ ಕೂಡಲೇ ‘ಏನೋ ಸರಿಯಿಲ್ಲ’ ಅನ್ನಿಸುತ್ತದೆ. ಕಪ್ಪುಬಿಳುಪಿಗೆ ಬಣ್ಣ ಬಳಿಸುವುದೂ ಬೇಡ, ಆ ಸೀರೆಯ ಬಣ್ಣ ಆ್ಯಪ್‌ಗೆ ಹೇಗೆ ಗೊತ್ತಾಗಬೇಕು?

ಫೋಟೋ ಹಿಂದೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ, ಗೀರು ಮುಂದಕ್ಕೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು. ಬರೆದದ್ದಿದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೊದ ಮೊಹರಿದ್ದರೆ ಊರೂ ಸಿಗುತ್ತದೆ, ಕಾಲವೂ ಹತ್ತಿರಕ್ಕೆ ಬರುತ್ತದೆ.

ಕರಾವಳಿ ಲೆಕ್ಕಿಗೆ

ತಮ್ಮನವರೇ, ಅಕ್ಕ ಕಾಣುತ್ತಿಲ್ಲ ಅಂದಿರಲ್ಲ, ಆ 11 ಡೈರಿಯಲ್ಲೇ ಇದ್ದಾರೆ ಅವರು. ಬಹುಪಾಲು ಮನೆಗಳಲ್ಲಿ ಲೆಕ್ಕದ ಡೈರಿಯನ್ನು ‘ಬರೀ ಹಾಲು ತರಕಾರಿ’ ಅಂತ ಪಕ್ಕಕ್ಕಿಡುತ್ತಾರೆ. ಸ್ವಂತ ಸಂಬಳ ಇದ್ದ ಹೆಂಗಸಿನ ಲೆಕ್ಕ ಎಂದರೆ ಅವಳ ತೀರ್ಮಾನಗಳ ಪಟ್ಟಿ. ಯಾರನ್ನೂ ಮೆಚ್ಚಿಸಲು ಬರೆದದ್ದಲ್ಲ, ಹಾಗಾಗಿ ಸುಳ್ಳೂ ಇರುವುದಿಲ್ಲ.

ಓದುವ ಕ್ರಮ ಇದು. ಒಂದು ನೋಟ್‌ಬುಕ್ಕಿನಲ್ಲಿ ಐದು ಅಂಕಣ ಹಾಕಿ: ತಾರೀಖು, ಮೊತ್ತ, ಯಾರಿಗೆ ಅಥವಾ ಯಾತಕ್ಕೆ, ಪಕ್ಕದಲ್ಲಿ ಅವರೇ ಗೀಚಿದ ಮಾತು, ನಿಮಗೆ ಹುಟ್ಟಿದ ಪ್ರಶ್ನೆ. ಮೊದಲ ಸುತ್ತಿನಲ್ಲಿ ನಿತ್ಯದ ಹಾಲು, ತರಕಾರಿ, ಸೀಮೆಎಣ್ಣೆ ಬಿಟ್ಟುಬಿಡಿ. ನಾಲ್ಕು ಬಗೆ ಮಾತ್ರ ಹೆಕ್ಕಿ. ಒಂದು, ಒಮ್ಮೆಗೇ ಹೋದ ದೊಡ್ಡ ಮೊತ್ತ. ಎರಡು, ಪ್ರತಿ ತಿಂಗಳೂ ತಪ್ಪದೆ ಹೋಗುವ ಒಂದೇ ಮೊತ್ತ. ಮೂರು, ಹಾಗೆ ಹೋಗುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ ನಿಂತದ್ದು. ನಾಲ್ಕು, ಕೈಗಡ ಕೊಟ್ಟದ್ದು ಮತ್ತು ಅದು ವಾಪಸ್ ಬಂತೇ ಎಂಬುದು. ಮದುವೆಯ ಹಿಂದಿನ ಆರು ತಿಂಗಳು ಮತ್ತು ಮುಂದಿನ ಆರು ತಿಂಗಳನ್ನು ಅಕ್ಕಪಕ್ಕ ಇಟ್ಟು ಓದಿ. ಯಾವ ಸಾಲು ಉಳಿಯಿತು, ಯಾವುದು ಹೋಯಿತು ಎನ್ನುವುದರಲ್ಲಿ ಎರಡು ಮನೆಯ ನಡುವೆ ಅವರು ಹೇಗೆ ನಿಂತರು ಎಂಬುದು ಸಿಗುತ್ತದೆ.

ನಡುವೆ ಡೈರಿ ಇಲ್ಲದ ವರ್ಷಗಳಿಗೆ ಬ್ಯಾಂಕ್ ಪಾಸ್‌ಬುಕ್, ಅಂಚೆ ಕಚೇರಿಯ ಆರ್‌ಡಿ ಪುಸ್ತಕ, ಎಲ್‌ಐಸಿ ರಸೀದಿ ಹುಡುಕಿ.

ತುಂಗೆಯ ತಮ್ಮ

ಕೂತು ಮೂರು ಡೈರಿ ಮುಗಿಸಿದೆ. ನೀವು ಹೇಳಿದ ಅಂಕಣಕ್ಕೆ ಬಿದ್ದ ಕೆಲವು:

1981 ಮಾರ್ಚ್ 3: ಸೈಕಲ್ ಮುಂಗಡ 200.
1981 ಮಾರ್ಚ್ 4: ಅಪ್ಪಯ್ಯ ಮಾತಾಡಲಿಲ್ಲ.
1981 ಏಪ್ರಿಲ್‌ನಿಂದ ಅಕ್ಟೋಬರ್: ಪ್ರತಿ ತಿಂಗಳು ಸೈಕಲ್ 50.
1984 ಜೂನ್: ಚೀಟಿ ಎತ್ತಿದ್ದು 8,200. ತಂಗಿ ಫೀ 640.

ಇನ್ನೊಂದು ಡೈರಿಯಲ್ಲಿ, 1986ರ ಮದುವೆಯ ತಿಂಗಳವರೆಗೆ ‘ಮನೆಗೆ 250’, ಅದರ ಮುಂದಿನ ತಿಂಗಳಿಂದ ‘ಅಮ್ಮ 150’. ಆ ಡೈರಿ ಮುಗಿಯುವವರೆಗೂ ಅದು ತಪ್ಪಿಲ್ಲ.

ಕರಾವಳಿ ಲೆಕ್ಕಿಗೆ

ಇನ್ನೇನು ಬೇಕು ಮಾರಾಯ್ರೆ! ಸೈಕಲ್ ನೋಡಿ: 200 ಮುಂಗಡ, 50ರಂತೆ 7 ಕಂತು, ಒಟ್ಟು 550. ಅಪ್ಪಯ್ಯ ಮಾತು ಬಿಟ್ಟರೂ ಒಂದು ಕಂತೂ ತಪ್ಪಿಲ್ಲ.

ಚೀಟಿಯ ಸಾಲಿನಲ್ಲಿ ಇನ್ನೂ ಇದೆ. ಹಿಂದಿನ ಪುಟಗಳಲ್ಲಿ ತಿಂಗಳ ಚೀಟಿ ಕಂತು ಎಷ್ಟೆಂದು ನೋಡಿ. 500ರ ಆಸುಪಾಸಿನಲ್ಲಿದ್ದು 20 ಜನರ ಚೀಟಿಯಾಗಿದ್ದರೆ ಒಟ್ಟು 10,000 ಆಗುತ್ತದೆ. ಹಾಗಿದ್ದರೆ 8,200ಕ್ಕೆ ಎತ್ತಿದರು ಅಂದರೆ 1,800 ಬಿಟ್ಟುಕೊಟ್ಟು ಕೂಗಿದ್ದಾರೆ. ಕೊನೆಯವರೆಗೆ ಕಾದವರಿಗೆ ಹೆಚ್ಚು ಸಿಗುತ್ತದೆ, ಅವಸರ ಇದ್ದವರು ಬಿಟ್ಟುಕೊಡುತ್ತಾರೆ. ಜೂನ್ ಎಂದರೆ ಕಾಲೇಜು ಸೇರುವ ಕಾಲ. 640 ಫೀಸಿಗೆ ಹೋಯಿತು, ಉಳಿದ ಏಳೂವರೆ ಸಾವಿರ ಎಲ್ಲಿಗೆ? ಹಾಸ್ಟೆಲ್ಲೋ, ಮನೆ ರಿಪೇರಿಯೋ, ಆಸ್ಪತ್ರೆಯೋ? ಆ ತಂಗಿಯನ್ನೇ ಕೇಳಿ. ಊಹಿಸಿ ಬರೆಯಬೇಡಿ.

‘ಅಮ್ಮ 150’ರ ಬಗ್ಗೆ ಭಾವನವರನ್ನೂ ಕೇಳಬೇಕು. ಅವರಿಗೆ ಗೊತ್ತಿತ್ತೇ, ಮೊದಲೇ ಮಾತಾಗಿತ್ತೇ? ಗೊತ್ತಿತ್ತು ಎಂದರೆ ಅದು ಇಬ್ಬರ ಬದುಕಿನ ಬಗ್ಗೆ ಒಂದು ಪುಟ. ಗೊತ್ತಿರಲಿಲ್ಲ ಎಂದರೆ ಅಚ್ಚಿಗೆ ಹೋಗುವ ಮುಂಚೆ ಅವರಿಗೆ ನಿಮ್ಮಿಂದಲೇ ತಿಳಿಯಬೇಕು, ಪುಸ್ತಕದಲ್ಲಿ ಓದಿ ಅಲ್ಲ.

ಧಾರವಾಡದಾಕಿ

ಕೇಳೋದು ಹೆಂಗ ಅನ್ನೋದು ನಾ ಹೇಳ್ತೀನ್ರಿ. ‘ಅವರು ಹೆಂಗಿದ್ರು?’ ಅಂತ ಕೇಳಿದ್ರ ‘ಭಾಳ ಚೊಲೊ ಇದ್ರು’ ಅಂತಾರ, ಅಲ್ಲಿಗೆ ಮುಗೀತು. ನಿಮ್ಮ ‘ತಾಳ್ಮೆಯ ಮೂರ್ತಿ’ ಹುಟ್ಟೋದು ಇಂಥಾ ಪ್ರಶ್ನೆಯೊಳಗನ. ‘ಸೈಕಲ್ ತಂದ ದಿನ ಯಾರ್ ಯಾರ್ ಮನ್ಯಾಗ ಇದ್ರು? ಯಾರು ಬ್ಯಾಡಂದ್ರು? ಆಕಿ ಏನಂದ್ಲು? ಮರುದಿನ ಯಾವ ದಾರಿ ಹಿಡ್ದು ಆಫೀಸಿಗೆ ಹೋದ್ಲು?’ ಅಂತ ಕೇಳ್ರಿ. ಒಂದು ದಿನ, ಒಂದು ಜಾಗ, ಒಂದು ಮಾತು.

ಒಬ್ಬೊಬ್ಬರನ್ನ ಬ್ಯಾರೆ ಬ್ಯಾರೆ ಕೂಡಿಸ್ರಿ. ಗಂಡ, ತಂಗಿ ಇಬ್ಬರೂ ಕೂಡಿ ಕುಂತ್ರ ಒಬ್ಬರ ಮುಖಾ ನೋಡಿ ಇನ್ನೊಬ್ಬರು ಮಾತು ನುಂಗ್ತಾರ. 45 ನಿಮಿಷಕ್ಕಿಂತ ಹೆಚ್ಚು ಬ್ಯಾಡ, ದುಃಖದಾಗ ಇದ್ದವ್ರು ದಣೀತಾರ. ಫೋನು ಮೇಜಿನ ಮ್ಯಾಲೆ ಬರಿದ ಇಟ್ರ ಮೇಜು ಮುಟ್ಟಿದ ಸಪ್ಪಳ ಎಲ್ಲಾ ಬರ್ತದ, ಕೆಳಗ ಮಡಚಿದ ಟವೆಲ್ ಹಾಕ್ರಿ. ಏರೋಪ್ಲೇನ್ ಮೋಡಿಗೆ ಹಾಕ್ರಿ, ಫ್ಯಾನ್ ಬಂದ್ ಮಾಡ್ರಿ. ಶುರುವಿನೊಳಗ ತಾರೀಖು, ಹೇಳೋವ್ರ ಹೆಸರು, ಊರು ನೀವ ಬಾಯಿಲೆ ಹೇಳ್ರಿ. ಅವರು ಸುಮ್ಮನಾದ್ರ ನೀವು ತಟ್ಟನೆ ಮತ್ತೊಂದು ಕೇಳಬ್ಯಾಡ್ರಿ. ಐದಾರು ಸೆಕೆಂಡ್ ತಡೀರಿ, ಖರೇ ಮಾತು ಆಮ್ಯಾಲೆ ಬರ್ತದ.

ಭಾವನವ್ರಿಗೆ ‘ಬರದು ಕೊಡ್ರಿ’ ಅನ್ನಬ್ಯಾಡ್ರಿ. ಕಾಗದ ಮುಂದ ಇಟ್ರ ಗಂಡಸರು ‘ಆಕಿನ ನನ್ನ ಸರ್ವಸ್ವ’ ಅಂತ ಒಂದು ಸಾಲು ಬರದು ಪೆನ್ನು ಇಡ್ತಾರ. ಅಡಗಿ ಮನ್ಯಾಗ, ಅವರು ಕೆಲಸಾ ಮಾಡೂ ಹೊತ್ತಿನ್ಯಾಗ ಮಾತಾಡಸ್ರಿ. ಮುಂಜಾನೆಯಿಂದ ರಾತ್ರಿತನಕ ಆಕಿ ದಿನಾ ಹೆಂಗ ಹೋಗ್ತಿತ್ತು, ಡ್ಯೂಟಿ ಬದಲಾದಾಗ ಯಾರು ಯಾವಾಗ ಏಳ್ತಿದ್ರು, ಜಗಳ ಆದ್ರ ಮೊದಲ ಮಾತು ಯಾರದು ಅಂತ ಕೇಳ್ರಿ.

ಆಪರೇಟರ್ ಕೆಲಸದ ಬಗ್ಗೆ ಆಕಿ ಜೋಡಿ ಕೆಲಸಾ ಮಾಡಿದವ್ರನ್ನ ಹುಡುಕ್ರಿ. ಟ್ರಂಕ್‌ಕಾಲ್ (ದೂರದ ಊರಿಗೆ ಆಪರೇಟರ್ ಜೋಡಿಸಿ ಕೊಡ್ತಿದ್ದ ಫೋನು) ಬುಕ್ಕಿಂಗು, ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ದರ್ಜೆ, ಇಂಥಾವ್ರನ್ನ ಕರೀರಿ ಅಂತ ಹೆಸರು ಹೇಳಿ ಮಾಡೂ ಪಿಪಿ ಕಾಲು, ವೈರು ಚುಚ್ಚಿ ಲೈನ್ ಜೋಡಿಸೂ ಕಾರ್ಡ್ (cord) ಬೋರ್ಡು, ಹೆಡ್‌ಸೆಟ್ಟು, ಟಿಕೆಟ್ ಬರಿಯೋದು, ಇದೆಲ್ಲಾ ಈಗಿನ ಹುಡುಗರಿಗೆ ಗೊತ್ತಿಲ್ಲ. ಒಂದು ಕಾಲ್ ಜೋಡಿಸೋದನ್ನ ಮೊದಲಿಂದ ಕಡೀತನಕ ಹೆಜ್ಜಿ ಹೆಜ್ಜಿ ಹೇಳಸ್ರಿ. ಆಕಿ ಕೈ ಕಣ್ಮುಂದ ಬರ್ತದ.

ಕರಡುಕಣ್ಣು

ಈಗಾಗಲೇ ಬಂದಿರುವ ಲೇಖನಗಳನ್ನು ಎಸೆಯಬೇಡಿ, ಬರೆದವರಿಗೆ ನೋವಾಗುತ್ತದೆ. ಹಿಂದಕ್ಕೆ ಕಳಿಸುವಾಗ ಅವರ ಬರಹದಿಂದಲೇ ಎತ್ತಿದ ಮೂರು ಪ್ರಶ್ನೆ ಜೊತೆಗಿಡಿ. ‘ಎಲ್ಲರಿಗೂ ನೆರವಾಗುತ್ತಿದ್ದರು’ ಎಂದಿದ್ದರೆ, ‘ನಿಮಗೆ ಯಾವಾಗ, ಏನು ಸಹಾಯ ಮಾಡಿದರು? ನೀವು ಕೇಳಿದ್ದಿರಾ, ಅವರಾಗಿ ಮಾಡಿದರಾ?’ ಒಬ್ಬರಿಗೆ 400 ಪದ, ಮೂರು ವಾರ ಗಡುವು. ಮಿತಿ ಹೇಳದಿದ್ದರೆ ಕೆಲವರು ನಾಲ್ಕು ಸಾಲು, ಕೆಲವರು ಹದಿನೈದು ಪುಟ ಕಳಿಸುತ್ತಾರೆ.

ಆಮೇಲೆ ತಿದ್ದುವಾಗ ಸಾಧ್ವಿ, ತ್ಯಾಗಮಯಿ, ಸಹನಾಮೂರ್ತಿ, ಆದರ್ಶ ಗೃಹಿಣಿ ಇವೆಲ್ಲ ಎಲ್ಲಿ ಬಂದರೂ ಅಡಿಗೆರೆ ಎಳೆಯಿರಿ. ಆ ಪದದ ಕೆಳಗೆ ಒಂದು ಘಟನೆ ಇದ್ದರೆ ಪದ ತೆಗೆದು ಘಟನೆ ಉಳಿಸಿ. ಘಟನೆ ಇಲ್ಲದಿದ್ದರೆ ಬರೆದವರಿಗೆ ಫೋನ್ ಮಾಡಿ. ಹಟ ಇದ್ದವರನ್ನು ತಾಳ್ಮೆಯವರು ಎಂದು ಬರೆದರೆ ಅದು ಗೌರವವಲ್ಲ, ಅವರ ಬದುಕಿನ ಅರ್ಧವನ್ನು ಅಳಿಸಿದ ಹಾಗೆ.

ಒಂದೇ ಘಟನೆಯನ್ನು ಭಾವ ಒಂದು ತರ, ತಂಗಿ ಇನ್ನೊಂದು ತರ ಹೇಳುವುದು ಖಂಡಿತ. ಬೆರೆಸಿ ಒಂದು ಮಾಡಬೇಡಿ. ಎರಡನ್ನೂ ಎದುರುಬದುರು ಪುಟದಲ್ಲಿ ಹೇಳಿದವರ ಹೆಸರಿನೊಂದಿಗೆ ಹಾಕಿ. ತವರಿನವರಿಗೆ ಮದುವೆಯ ಮುಂಚಿನ ಹುಡುಗಿ ಗೊತ್ತು, ಗಂಡನಿಗೆ ಆಮೇಲಿನ ಹೆಂಗಸು ಗೊತ್ತು.

ಅಡುಗೆಯ ಪುಟ ಹಾಕಲೇಬೇಕೆಂದು ಯಾರಾದರೂ ಒತ್ತಾಯಿಸಿದರೆ ಒಪ್ಪಬೇಡಿ, ಆ ಮನೆಯ ಸಾರು ಭಾವನದು.

ನೇರಳೆಮರ

ಡೈರಿ ಅಚ್ಚು ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ‘ಅಪ್ಪಯ್ಯ ಮಾತಾಡಲಿಲ್ಲ’ ಎಂಬುದನ್ನು ಅವರು ತಮಗಾಗಿ ಬರೆದುಕೊಂಡದ್ದು. ಬದುಕಿದ್ದಾಗ ಯಾರಿಗೂ ತೋರಿಸದ್ದನ್ನು 150 ಮನೆಗೆ ಹಂಚುವುದು ಸರಿಯೇ? ಸ್ವತಂತ್ರವಾಗಿ ಬದುಕಿದವರ ಗುಟ್ಟನ್ನೂ ಅವರಿಗೇ ಬಿಡಬೇಕಲ್ಲವೇ?

ಕರಾವಳಿ ಲೆಕ್ಕಿಗೆ

ನಿಮ್ಮ ಮಾತು ನ್ಯಾಯವೇ. ಅದಕ್ಕೊಂದು ಕ್ರಮ ಮಾಡಿಕೊಳ್ಳಬಹುದು. ಮೊದಲು ಒಬ್ಬರು ಮಾತ್ರ ಓದಬೇಕು, ಹತ್ತು ಜನರ ಕೈಗೆ ಡೈರಿ ಹೋಗಬಾರದು. ಅವರೇ ಹೊಡೆದುಹಾಕಿದ ಸಾಲನ್ನು ಬೆಳಕಿಗೆ ಹಿಡಿದು ಓದಲು ಹೋಗಬಾರದು. ಬದುಕಿರುವ ಯಾರದೇ ಸಾಲ, ಕಾಯಿಲೆ, ಜಗಳ ಇದ್ದರೆ ಅದನ್ನು ಬಿಡಬೇಕು. ಉಳಿದದ್ದರಲ್ಲಿ ಇಡೀ ಪುಟ ಹಾಕದೆ, ಆರಿಸಿದ ಸಾಲು ಮಾತ್ರ. ಭಾವನವರು ಮತ್ತು ಒಡಹುಟ್ಟಿದವರಲ್ಲಿ ಒಬ್ಬರು, ಇಬ್ಬರೂ ಹೂಂ ಅಂದದ್ದು ಮಾತ್ರ ಅಚ್ಚಿಗೆ. ಒಬ್ಬರು ಬೇಡ ಅಂದರೂ ಅದು ಪೆಟ್ಟಿಗೆಯಲ್ಲೇ ಇರಲಿ.

ನೇರಳೆಮರ

ಇಬ್ಬರ ಒಪ್ಪಿಗೆಯ ನಿಯಮ ಇದ್ದರೆ ಸರಿ. ಪತ್ರಗಳ ಬಗ್ಗೆಯೂ ಒಂದು ಮಾತು. ಅಕ್ಕನಿಗೆ ಬಂದ ಪತ್ರ ಅಕ್ಕನ ಪೆಟ್ಟಿಗೆಯಲ್ಲಿದ್ದರೂ ಬರಹದ ಹಕ್ಕು ಬರೆದವರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡ ಮೇಲೂ 60 ವರ್ಷ ಅದು ಅವರ ವಾರಸುದಾರರದ್ದು. ಆದ್ದರಿಂದ ಗೆಳತಿಯರ ಪತ್ರ ಹಾಕುವುದಾದರೆ ಅವರನ್ನು ಕೇಳಿ. ಅಕ್ಕ ಬರೆದ ಪತ್ರಗಳು ಆ ಗೆಳತಿಯರ ಬಳಿ ಇರಬಹುದು, ಕೇಳುವಾಗ ಅದನ್ನೂ ವಿಚಾರಿಸಿ.

ಇನ್‌ಲ್ಯಾಂಡಿನ ಮಡಿಕೆಯನ್ನು ಇಸ್ತ್ರಿ ಹಾಕಿ ನೇರ ಮಾಡಬೇಡಿ. ದಪ್ಪ ಪುಸ್ತಕದಡಿ ಒಂದು ವಾರ ಇಟ್ಟರೆ ಸಾಕು. ಹರಿದದ್ದಕ್ಕೆ ಸೆಲೋಟೇಪ್ ಹಚ್ಚಬೇಡಿ, ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಮೂರನೇ ಮಡಿಕೆಯ ಅಂಚಿನಲ್ಲಿ ಅಡ್ಡಡ್ಡ ಬರೆದದ್ದು ಸ್ಕ್ಯಾನಿನಲ್ಲಿ ಕತ್ತರಿಸಿಹೋಗುವುದು ಸಾಮಾನ್ಯ. ಜಾಗ ಮುಗಿದ ಮೇಲೆ ಬರೆಯುವ ಆ ಸಾಲಲ್ಲೇ ಮುಖ್ಯ ಮಾತು ಇರುತ್ತದೆ. ಅಂಚೆ ಮೊಹರಿನ ತಾರೀಖನ್ನೂ ಬರೆದಿಟ್ಟುಕೊಳ್ಳಿ.

ಕರಡುಕಣ್ಣು

ತಾರೀಖಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಮೊದಲು ಒಂದು ಕಾಲಾನುಕ್ರಮಣಿಕೆ ಮಾಡಿ, ಪ್ರತಿ ತಾರೀಖಿನ ಎದುರು ಅದು ಎಲ್ಲಿಂದ ಸಿಕ್ಕಿತು ಎಂದು ಬರೆಯಿರಿ. ಹುಟ್ಟಿದ ದಿನಕ್ಕೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೊಂದನ್ನೇ ನಂಬಬೇಡಿ. ಶಾಲೆಗೆ ಸೇರಿಸುವಾಗ ವಯಸ್ಸು ಹೊಂದಿಸಲು ಮೇಷ್ಟ್ರು ಹಾಕಿದ ದಿನ ಅದಾಗಿರಬಹುದು. ಜಾತಕ ಇದ್ದರೆ ಹೋಲಿಸಿ. ನಿಮ್ಮ ಲೆಕ್ಕದಂತೆ 1986ಕ್ಕೆ 29 ಅಂದರೆ 1957ರ ಹೊತ್ತಿಗೆ ಹುಟ್ಟಿರಬೇಕು. 1957ರ ಯುಗಾದಿಯಿಂದ 1958ರ ಯುಗಾದಿವರೆಗೆ ಹೇವಿಳಂಬಿ ಸಂವತ್ಸರ. ಜಾತಕದಲ್ಲಿ ಅದಿದ್ದರೆ ತಾಳೆಯಾಯಿತು, ಅದರ ಹಿಂದಿನ ದುರ್ಮುಖಿ ಇದ್ದರೆ ಯುಗಾದಿಗೆ ಮುಂಚೆ ಹುಟ್ಟಿದ್ದು. ಮದುವೆಗೆ ಲಗ್ನಪತ್ರಿಕೆ ನೋಡಿ. ಅದರಲ್ಲಿ ತಾರೀಖು, ವಾರ, ತಿಥಿ ಮೂರೂ ಇರುವುದರಿಂದ ಒಂದು ತಪ್ಪಿದ್ದರೆ ಇನ್ನೆರಡು ಹಿಡಿದುಕೊಡುತ್ತವೆ. ಇಲಾಖೆಯ ಕಾಗದಗಳಲ್ಲಿ 1985ಕ್ಕೆ ಮುಂಚೆ ‘ಅಂಚೆ ಮತ್ತು ತಂತಿ’, ಆಮೇಲೆ ‘ದೂರಸಂಪರ್ಕ ಇಲಾಖೆ’, 2000ದ ಅಕ್ಟೋಬರ್ 1ರಿಂದ ‘ಬಿಎಸ್‌ಎನ್‌ಎಲ್’ ಇರುತ್ತದೆ. ಒಂದೇ ಕೆಲಸ, ಮೂರು ಹೆಸರು. ಓದುವವರಿಗೆ ಕೆಲಸ ಬದಲಿಸಿದರು ಅನ್ನಿಸದ ಹಾಗೆ ಒಂದು ಸಾಲು ಹಾಕಿ.

ಇನ್ನು ಮುಖಪುಟದ ಮೇಲೆ ಯಾವ ಹೆಸರು? ತಂದೆಯ ಇನಿಶಿಯಲ್ಲೋ, ಗಂಡನದೋ? ಕೆಲವು ಕಡೆ ಮದುವೆಯ ದಿನ ಹರಿವಾಣದ ಅಕ್ಕಿಯ ಮೇಲೆ ಬರೆದು ಹುಡುಗಿಯ ಹೆಸರನ್ನೇ ಬದಲಾಯಿಸುವ ರೂಢಿ ಇತ್ತು. ಅಂಥ ಮನೆಗಳಲ್ಲಿ ಶಾಲೆಯ ಗೆಳತಿಯರಿಗೆ ಒಂದು ಹೆಸರು, ಗಂಡನ ಮನೆಯವರಿಗೆ ಇನ್ನೊಂದು. ಕಥೆಗಾರ್ತಿ ಕೊಡಗಿನ ಗೌರಮ್ಮನವರನ್ನೇ ನೋಡಿ. 1912ರಲ್ಲಿ ಹುಟ್ಟಿ 1939ರಲ್ಲಿ, 27ನೇ ವಯಸ್ಸಿಗೆ ನೀರಿನ ಸುಳಿಗೆ ಸಿಕ್ಕಿ ತೀರಿಕೊಂಡರು. ಕಥೆಗಳಿಗೆ ಹಾಕುತ್ತಿದ್ದ ಸಹಿ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. ಬೇಂದ್ರೆಯವರಿಗೆ ತಂಗಿ, ಗಂಡನ ಮನೆಯಲ್ಲಿ ಸೊಸೆ, ನಮಗೆ ಕೊಡಗಿನ ಗೌರಮ್ಮ. ಹಳೆಯ ಪತ್ರಿಕೆಗಳಲ್ಲಿ ‘ಗೌರಮ್ಮ’ ಎಂದು ಮಾತ್ರ ಹುಡುಕಿದವರಿಗೆ ಅವರು ಕೈತಪ್ಪುತ್ತಾರೆ. ಅವರನ್ನು ನೆನೆಯುವಾಗ ‘ಧೈರ್ಯವಂತೆ’ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಲೇಬೇಕೆಂದು ಉಪವಾಸ ಕೂತು ಕರೆಸಿಕೊಂಡು, ಹರಿಜನ ನಿಧಿಗೆ ಒಡವೆ ಬಿಚ್ಚಿಕೊಟ್ಟರು ಎಂದರೆ ಸಾಕು.

ಅಕ್ಕ ತಾವೇ ಹೇಗೆ ಸಹಿ ಹಾಕುತ್ತಿದ್ದರೋ ಹುಡುಕಿ, ಅದೇ ಹೆಸರು ಇರಲಿ. ಒಳಗೆ, ಮೊದಲ ಪುಟದಲ್ಲಿ ಉಳಿದ ಹೆಸರುಗಳನ್ನೂ ಕೊಡಿ.

ಅಚ್ಚುಮೊಳೆ

ಮುದ್ರಣಕ್ಕೆ ಬರೋಣ. 150 ಪ್ರತಿಗೆ ಆಫ್‌ಸೆಟ್ ಬೇಡ, ಪ್ಲೇಟಿನ ಖರ್ಚೇ ತಲೆಮೇಲೆ ಬರುತ್ತದೆ. ಡಿಜಿಟಲ್ ಮಾಡಿಸಿ. ಸೈಜು ಡೆಮಿ 1/8, ಅಂದರೆ ಐದೂವರೆ × ಎಂಟೂವರೆ ಇಂಚು. ಪುಟ 16ರ ಲೆಕ್ಕದಲ್ಲಿರಲಿ. ನಿಮಗೆ 96 ಸರಿಯಾಗುತ್ತದೆ: 80 ಪುಟ ಬರಹ, 16 ಪುಟ ಫೋಟೋ. 12 ಪಾಯಿಂಟ್ ಅಕ್ಷರಕ್ಕೆ ಪುಟಕ್ಕೆ ಸುಮಾರು 200 ಪದ ಹಿಡಿಯುತ್ತದೆ. ಹೆಸರಿನ ಪುಟ, ಪರಿವಿಡಿ, ಖಾಲಿ ಪುಟ ಕಳೆದರೆ 14,000 ಪದ ನಿಮ್ಮ ಮಿತಿ. ಕನ್ನಡಕ್ಕೆ ಸಾಲಿನ ಅಂತರ 17 ಪಾಯಿಂಟಾದರೂ ಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಓದುವವರಲ್ಲಿ ಹಿರಿಯರೇ ಹೆಚ್ಚಾದರೆ 13 ಪಾಯಿಂಟ್ ಅಕ್ಷರಕ್ಕೆ 18ರ ಅಂತರ.

ಬರಹಕ್ಕೆ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ನ್ಯಾಚುರಲ್ ಶೇಡ್ ಮ್ಯಾಪ್ಲಿಥೊ, ಅಂದರೆ ಹೊಳಪಿಲ್ಲದ ನಸುಹಳದಿ ಕಾಗದ. ಫೋಟೋಗಳನ್ನು ಇದರ ಮೇಲೆ ಹಾಕಿದರೆ ಶಾಯಿ ಹೀರಿಕೊಂಡು ಮುಖ ಕಪ್ಪಾಗುತ್ತದೆ, ಆ 16 ಪುಟ ಮಾತ್ರ 130 ಜಿಎಸ್‌ಎಂ ಆರ್ಟ್ ಪೇಪರ್. ಹೊದಿಕೆ 300 ಜಿಎಸ್‌ಎಂ ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಶನ್. ಬೆನ್ನು ಸುಮಾರು 5 ಮಿ.ಮೀ. ಬರುವುದರಿಂದ ಪರ್ಫೆಕ್ಟ್ ಬೈಂಡಿಂಗ್ (ಬೆನ್ನಿಗೆ ಅಂಟು ಹಾಕಿ ಹೊದಿಕೆ ಕೂರಿಸುವುದು) ಆಗುತ್ತದೆ. ಒಳಗಿನ ಅಂಚು 20 ಮಿ.ಮೀ. ಬಿಡಿ. ಕಾಗದದ ನಾರು ಬೆನ್ನಿಗೆ ಸಮಾನಾಂತರವಾಗಿರಬೇಕೆಂದು ಪ್ರೆಸ್ಸಿನವರಿಗೆ ಬಾಯಿಬಿಟ್ಟು ಹೇಳಿ. ಅಡ್ಡ ನಾರಾದರೆ ಪುಸ್ತಕ ತೆರೆದಿಟ್ಟರೆ ನಿಲ್ಲುವುದಿಲ್ಲ, ಬಲವಂತವಾಗಿ ಒತ್ತಿದರೆ ಹಾಳೆ ಕಿತ್ತುಬರುತ್ತದೆ. ಅಂಚಿನವರೆಗೆ ಹೋಗುವ ಚಿತ್ರಕ್ಕೆ 3 ಮಿ.ಮೀ. ಹೆಚ್ಚುವರಿ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಪ್ರತಿ ಪೂರ್ತಿ ಬೈಂಡ್ ಮಾಡಿಸಿ ನೋಡಿ, ಆಮೇಲೆ ಉಳಿದ 149.

ಡಿಟಿಪಿಯಲ್ಲಿ ಒಂದು ಅಪಾಯವಿದೆ. ಕೆಲವು ಲೇಖನ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರದಲ್ಲಿ, ಕೆಲವು ಯೂನಿಕೋಡಿನಲ್ಲಿ ಬರುತ್ತವೆ. ಪರಿವರ್ತಿಸುವಾಗ ಅರ್ಕಾವತ್ತು ಜಾರುತ್ತದೆ, ಒತ್ತು ಕಳಚುತ್ತದೆ. ಎಲ್ಲವನ್ನೂ ಯೂನಿಕೋಡಿಗೆ ತಂದು ಈ ಪದಗಳನ್ನು ಹುಡುಕಿ ನೋಡಿ: ಅರ್ಜಿ, ಕಾರ್ಯ, ರ‍್ಯಾಂಕ್, ಜ್ಞಾಪಕ, ಸ್ತ್ರೀ, ಟ್ರಂಕ್‌ಕಾಲ್. ಇವು ಸರಿ ಬಂದರೆ ಬಹುಪಾಲು ಸರಿ. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ. ಪಿಡಿಎಫ್ ಆದ ಮೇಲೂ ಕಾಗದಕ್ಕೆ ಇಳಿಸಿ ಓದಿ. ಮೂರು ಕರಡು: ಒಂದು ನೀವು, ಒಂದು ಮನೆಯ ಹೊರಗಿನವರು, ಕೊನೆಯದು ಹೆಸರು ಮತ್ತು ತಾರೀಖು ಮಾತ್ರ.

ತುಂಗೆಯ ತಮ್ಮ

ಎಲ್ಲರಿಗೂ ಕೈಮುಗಿದೆ. ನಂಬರು ಹೋಗಿದೆ, ಆದರೆ ಫೋನಿನಲ್ಲಿ 61 ವಾಯ್ಸ್ ನೋಟ್ ಸಿಕ್ಕಿವೆ, ನಕಲಾಗಿದೆ. ‘ಅಮ್ಮ 150’ ಭಾವನಿಗೆ ಗೊತ್ತಿತ್ತು. ಮದುವೆಗೆ ಮುಂಚೆಯೇ ಅಕ್ಕ ಹೇಳಿದ್ದ ಮೂರು ಷರತ್ತಿನಲ್ಲಿ ಅದೊಂದು. ಉಳಿದೆರಡನ್ನು ಟೇಪಿನ ಮುಂದೆ ಹೇಳುತ್ತೇನೆ ಅಂದಿದ್ದಾರೆ. ಸಹಿ ಹುಡುಕಿದೆವು. 1979ರ ಡೈರಿಯಿಂದ 1996ರವರೆಗೆ ಒಂದೇ ಸಹಿ, ಬರೀ ಅವಳ ಹೆಸರು, ಮುಂದೆ ಅಪ್ಪಯ್ಯನ ಅಕ್ಷರವೂ ಇಲ್ಲ, ಭಾವನದ್ದೂ ಇಲ್ಲ. ಮುಖಪುಟಕ್ಕೆ ಆ ಸಹಿಯನ್ನೇ ಹಾಕೋಣ ಅಂತ ಭಾವ ಅಂದರು. ನೀಲಿ ಶಾಯಿ, ಗೆರೆ ಹಾಕಿದ ಹಾಳೆ. ಅಚ್ಚಿನಲ್ಲಿ ಚೆನ್ನಾಗಿ ಬರುತ್ತದೆಯೇ?

ಅಚ್ಚುಮೊಳೆ

ಬರುತ್ತದೆ. 1200 ಡಿಪಿಐನಲ್ಲಿ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಹಾಳೆಯ ಗೆರೆ ತಿಳಿಯಾಗಿದ್ದರೆ, ಚಿತ್ರ ತಿದ್ದುವ ತಂತ್ರಾಂಶದಲ್ಲಿ ಲೆವೆಲ್ಸ್ (ಕಪ್ಪು-ಬಿಳುಪಿನ ಮಟ್ಟ) ಏರಿಸಿದಾಗ ತಾನಾಗಿ ಹೋಗುತ್ತದೆ. ಗೆರೆ ಸಹಿಯನ್ನು ದಾಟುವ ಕಡೆ ಮಾತ್ರ ಕೈಯಿಂದ ಅಳಿಸಿ, ಅಕ್ಷರದ ತುದಿ ತಿನ್ನದಂತೆ. ಆಮೇಲೆ ಬೂದು ಛಾಯೆಯಲ್ಲಿ ಬಿಡದೆ ಪೂರಾ ಕಪ್ಪು-ಬಿಳುಪಿನ ಲೈನ್ ಆರ್ಟ್ ಮಾಡಿ. ಬೂದು ಉಳಿದರೆ ಅಚ್ಚಿನಲ್ಲಿ ಚುಕ್ಕೆಚುಕ್ಕೆಯಾಗಿ ಅಂಚು ಒಡೆಯುತ್ತದೆ. ಬಣ್ಣ ಬೇಕಾದರೆ ಕೊನೆಯಲ್ಲಿ ನೀಲಿ ಕೊಡಿ. ಮೂಲ ಸಹಿಯ ಮೂರು ಪಟ್ಟಿಗಿಂತ ದೊಡ್ಡದು ಮಾಡಬೇಡಿ, ಪೆನ್ನಿನ ನಡುಕವೆಲ್ಲ ಎದ್ದು ಕಾಣುತ್ತದೆ.

ಕೊನೆಯ 4 ಪುಟ ಖಾಲಿ ಬಿಡುವುದಾದರೆ ಅವು ಮ್ಯಾಪ್ಲಿಥೊ ಕಡೆಗೇ ಬರುವಂತೆ ಪುಟ ಜೋಡಿಸಿ. ವರ್ಷಾಬ್ದಿಕದ ದಿನ ಬಂದವರು ಅದರಲ್ಲಿ ಏನಾದರೂ ಬರೆಯುತ್ತಾರೆ, ಆರ್ಟ್ ಪೇಪರ್ ಆದರೆ ಶಾಯಿ ಹಿಡಿಯದೆ ಒರಸಿಹೋಗುತ್ತದೆ. ನಾಲ್ಕಾರು ಪೆನ್ನು ನೀವೇ ಇಟ್ಟಿರಿ.